ಆಲಿಸುವ ಕಿವಿ, ಮುಂದಿನ ತಲೆಮಾರು



ದತ್ತಿನಿಧಿಯನ್ನು ಮುಂದಿನವರ ಹೆಸರಿಗೆ ಬರೆದಿಡಬಹುದು. ಮನೆ, ತೋಟಗಳ ಖಾತೆಯನ್ನು ಮಕ್ಕಳ ಹೆಸರಿಗೆ ಮಾಡಿಸಬಹುದು. ವಿಶ್ವಾಸವನ್ನು ಮಾತ್ರ ಹಾಗೆ ಬರೆದುಕೊಡಲು ಬರುವುದಿಲ್ಲ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರು ಏರಿದ ಮಾತ್ರಕ್ಕೆ ಆ ಮಗು ದೇವರ ಮಾತನ್ನು ಕೇಳಿತೆಂದು ಯಾರೂ ಹೇಳಲಾರರು. ಹಾಗಾದರೆ ಒಂದು ತಲೆಮಾರು ಇನ್ನೊಂದಕ್ಕೆ ನಿಜವಾಗಿ ಕೊಡಬಲ್ಲದ್ದು ಏನು? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ನನಗೆ ತೋಚಿದ ಉತ್ತರವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ನಾವು ಮಕ್ಕಳಿಗೆ ಕೊಡಬಲ್ಲದ್ದು ಆಲಿಸುವ ಅಭ್ಯಾಸವನ್ನು. ಕರೆಯುವವನು ದೇವರು, ಓಗೊಡಬೇಕಾದವರು ಮಕ್ಕಳು. ನಡುವೆ ಇರುವ ಹಿರಿಯರಿಗೆ ಮೂರು ಕೆಲಸಗಳಿವೆ: ಕರೆ ಬಂದಾಗ ಅದನ್ನು ಗುರುತಿಸುವುದು, ಓಗೊಡುವುದು ಹೇಗೆಂದು ಹೇಳಿಕೊಡುವುದು, ಮಗು ಕೇಳಿಸಿಕೊಂಡದ್ದನ್ನು ತಾವೂ ಕೇಳಲು ಸಿದ್ಧರಾಗಿರುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ನಾವು ಹೆಚ್ಚಾಗಿ ಸೋಲುವುದೂ ಅಲ್ಲಿಯೇ.

1. ಶೀಲೋವಿನ ರಾತ್ರಿ

ಸಮುವೇಲನ ಮೊದಲನೆಯ ಪುಸ್ತಕದ ಮೂರನೆಯ ಅಧ್ಯಾಯ ನಮ್ಮ ಸಂಡೇ ಸ್ಕೂಲುಗಳಲ್ಲಿ ಮತ್ತೆ ಮತ್ತೆ ಹೇಳುವ ಕಥೆ. ಮೊಣಕಾಲೂರಿ ಕೈಮುಗಿದ ಬಾಲಕ ಸಮುವೇಲನ ಚಿತ್ರ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಆ ಚಿತ್ರದಲ್ಲಿ ಮುದುಕ ಯಾಜಕ ಏಲಿ ಕಾಣಿಸುವುದಿಲ್ಲ. ಆದರೆ ವೇದಪುಸ್ತಕದ ಕಥೆ ಏಲಿಯಿಲ್ಲದೆ ಮುಂದೆ ಸಾಗುವುದೇ ಇಲ್ಲ.

ಆ ಕಾಲದಲ್ಲಿ ದೇವರ ವಾಕ್ಯ ಅಪರೂಪವಾಗಿತ್ತು ಎಂದು ಕಥೆ ಆರಂಭವಾಗುತ್ತದೆ. ಏಲಿಯ ಕಣ್ಣು ಮಂಜಾಗಿತ್ತು. ಶೀಲೋವಿನ ಆಲಯದ ದೀಪ ಇನ್ನೂ ಆರಿರಲಿಲ್ಲ. ಬಾಲಕ ಮಂಜೂಷವಿದ್ದ ಕಡೆ ಮಲಗಿದ್ದ. ಕರೆ ಕೇಳಿದಾಗ ಎದ್ದು ಓಡಿದ್ದು ಏಲಿಯ ಬಳಿಗೆ; ಅದು ಏಲಿಯ ದನಿಯೆಂದೇ ಅವನು ತಿಳಿದ. ದೇವರ ಆಲಯದಲ್ಲಿ ಬೆಳೆದ ಮಗುವಿಗೂ ದೇವರ ದನಿ ತಾನಾಗಿಯೇ ಗುರುತು ಸಿಗಲಿಲ್ಲ ಎಂಬುದನ್ನು ಗಮನಿಸಬೇಕು. ಅವನು ಆಲಯದ ಬಾಗಿಲು ತೆರೆಯುತ್ತಿದ್ದ, ಯಾಜಕನ ಕೈಕೆಳಗೆ ಸೇವೆ ಮಾಡುತ್ತಿದ್ದ. ಅಷ್ಟಾದರೂ ಅವನು ಇನ್ನೂ ದೇವರನ್ನು ಅರಿತಿರಲಿಲ್ಲ ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಕ್ವಾಯರಿನಲ್ಲಿ ಹಾಡುವ, ಕ್ರಿಸ್ಮಸ್ ನಾಟಕದಲ್ಲಿ ಪಾತ್ರ ವಹಿಸುವ, ಕಂಠಪಾಠ ಸ್ಪರ್ಧೆಯಲ್ಲಿ ಬಹುಮಾನ ಗೆಲ್ಲುವ ನಮ್ಮ ಮಕ್ಕಳನ್ನು ನೋಡಿ ಕೆಲಸ ಮುಗಿಯಿತೆಂದು ಸಮಾಧಾನಪಡುವ ಮೊದಲು ಈ ಮಾತನ್ನು ನೆನೆಯಬೇಕು.

ಮೂರನೆಯ ಸಲ ಬಾಲಕ ಬಂದಾಗ ಏಲಿಗೆ ಹೊಳೆಯಿತು. ಇದೇ ಏಲಿ ಮೊದಲ ಅಧ್ಯಾಯದಲ್ಲಿ ಸಮುವೇಲನ ತಾಯಿ ಹನ್ನಳನ್ನು ಕಂಡಿದ್ದ. ತುಟಿ ಮಾತ್ರ ಅಲುಗಿಸುತ್ತ ದನಿಯಿಲ್ಲದೆ ಅಳುತ್ತ ಪ್ರಾರ್ಥಿಸುತ್ತಿದ್ದ ಆ ಹೆಂಗಸನ್ನು ಕುಡಿದವಳೆಂದು ತಿಳಿದು ಗದರಿಸಿದ್ದ. ಆಕೆಯ ಮಾತು ಕೇಳಿದ ಮೇಲೆ ತಿದ್ದಿಕೊಂಡು ಹರಸಿ ಕಳುಹಿಸಿದ್ದ. ತಾಯಿಯ ಪ್ರಾರ್ಥನೆಯನ್ನು ತಪ್ಪಾಗಿ ತಿಳಿದ ಯಾಜಕನೇ ವರ್ಷಗಳ ಮೇಲೆ ಮಗನಿಗೆ ಬಂದ ಕರೆಯನ್ನು ಸರಿಯಾಗಿ ಗುರುತಿಸಿದ. ಆಲಿಸುವುದನ್ನು ಮುಪ್ಪಿನಲ್ಲಿಯೂ ಕಲಿಯಬಹುದು ಎಂಬ ಭರವಸೆ ನನಗೆ ಈ ಎರಡು ಘಟನೆಗಳನ್ನು ಒಟ್ಟಿಗೆ ಓದಿದಾಗ ದೊರೆಯುತ್ತದೆ.

ಗುರುತಿಸಿದ ಮೇಲೆ ಏಲಿ ಮಾಡಿದ್ದೇನು? ಅವನು ಮಹಾಯಾಜಕ, ವಯಸ್ಸಿನಲ್ಲಿ ಹಿರಿಯ, ಅಧಿಕಾರವುಳ್ಳವನು. ತಾನೇ ಎದ್ದು ಹೋಗಿ ಆ ಮಾತನ್ನು ಕೇಳಿಸಿಕೊಳ್ಳಲು ಯತ್ನಿಸಲಿಲ್ಲ. ದೇವರು ಹೀಗೆ ಹೇಳಬಹುದು ಎಂದು ಮುಂದಾಗಿ ವಿವರಿಸಲಿಲ್ಲ. ಮತ್ತೆ ಕರೆ ಬಂದರೆ ಏನೆಂದು ಓಗೊಡಬೇಕೋ ಅದನ್ನಷ್ಟೇ ಹೇಳಿಕೊಟ್ಟು, ಹೋಗಿ ಮಲಗಿಕೋ ಎಂದು ಮಗುವನ್ನು ಅದರ ಜಾಗಕ್ಕೆ ಕಳುಹಿಸಿದ. ದೇವರಿಗೂ ಮಗುವಿಗೂ ನಡುವೆ ತಾನು ಅಡ್ಡ ನಿಲ್ಲಬಾರದೆಂಬ ತಿಳಿವಳಿಕೆ ಅವನಿಗಿತ್ತು.

ಸಮುವೇಲ ಕೇಳಿದ ಮೊದಲ ದೇವವಾಕ್ಯ ಯಾವುದು? ಸಾಂತ್ವನದ ಮಾತಲ್ಲ, ಏಲಿಯ ಮನೆತನದ ಮೇಲಿನ ನ್ಯಾಯತೀರ್ಪು. ಮಕ್ಕಳಾದ ಹೊಫ್ನಿ, ಫೀನೆಹಾಸರು ಬಲಿಯ ಮಾಂಸವನ್ನು ದೋಚುತ್ತಿದ್ದಾಗ, ಆಲಯದ ಬಾಗಿಲಲ್ಲೇ ಅನಾಚಾರ ನಡೆಸುತ್ತಿದ್ದಾಗ ತಂದೆ ತಡೆಯಲಿಲ್ಲ ಎಂಬ ಆರೋಪ. ಬಾಲಕ ಬೆಳಗಿನವರೆಗೆ ಮಲಗಿದ್ದು, ಎದ್ದು ಬಾಗಿಲು ತೆರೆದ, ಹೇಳಲು ಹೆದರಿದ. ಏಲಿಯೇ ಕರೆದು, ಏನನ್ನೂ ಮುಚ್ಚಿಡಬೇಡ ಎಂದು ಆಣೆಯಿಟ್ಟು ಕೇಳಿದ. ಎಲ್ಲವನ್ನೂ ಕೇಳಿದ ಮೇಲೆ ಅದನ್ನು ದೇವರ ಮಾತೆಂದು ಒಪ್ಪಿಕೊಂಡ. ತಂದೆಯಾಗಿ ಸೋತ ಏಲಿ ಗುರುವಾಗಿ ಗೆದ್ದದ್ದು ಆ ಬೆಳಗಿನಲ್ಲಿ. ತನ್ನ ವಿರುದ್ಧದ ಮಾತು ಎಳೆಯನ ಬಾಯಿಂದ ಬಂದಾಗ ಅವನು ಬಾಯಿ ಮುಚ್ಚಿಸಿದ್ದರೆ ಇಸ್ರಾಯೇಲಿಗೆ ಒಬ್ಬ ಪ್ರವಾದಿ ದೊರೆಯುತ್ತಿರಲಿಲ್ಲ.

ಕಥೆಯ ಇನ್ನೊಂದು ಕೊನೆಯನ್ನೂ ಮರೆಯಬಾರದು. ಸಮುವೇಲ ಮುದುಕನಾದಾಗ ಅವನ ಮಕ್ಕಳಾದ ಯೋವೇಲ, ಅಬೀಯರು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಲಂಚ ತೆಗೆದುಕೊಂಡರು. ದೇವರ ದನಿಯನ್ನು ಬಾಲ್ಯದಲ್ಲೇ ಕೇಳಿದವನ ಮನೆಯಲ್ಲೂ ಹೀಗಾಯಿತು. ಮಕ್ಕಳು ದೇವಾಲಯದಿಂದ ದೂರವಾದ ತಂದೆತಾಯಿಗಳು ಈ ಸಭೆಯಲ್ಲಿಯೂ ಇರಬಹುದು. ಅವರನ್ನು ಬೆರಳು ಮಾಡಿ ತೋರಿಸುವ ಅಧಿಕಾರ ವೇದಪುಸ್ತಕ ಯಾರಿಗೂ ಕೊಟ್ಟಿಲ್ಲ.

2. ಮೊದಲು ಹಿರಿಯರ ಕಿವಿ

ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ವಿಶ್ವಾಸದ ಶಿಕ್ಷಣಕ್ಕೆ ಒಂದು ಅನುಕ್ರಮವನ್ನು ಇಟ್ಟಿದೆ. ಇಸ್ರಾಯೇಲು ಮೊದಲು ಕೇಳಬೇಕು. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು. ಈ ಮಾತುಗಳು ಹಿರಿಯರ ಹೃದಯದಲ್ಲಿ ಇರಬೇಕು. ಆಮೇಲೆ ಮಕ್ಕಳಿಗೆ ಕಲಿಸಬೇಕು. ಕಲಿಸುವ ಸ್ಥಳಗಳೂ ಅಲ್ಲಿ ಹೇಳಲ್ಪಟ್ಟಿವೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನಾವು ಬಹಳ ಕಡೆ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದರಿಂದ ಆರಂಭಿಸುತ್ತೇವೆ. ಆ ನಾಲ್ಕನೆಯದನ್ನೂ ಭಾನುವಾರದ ಒಂದು ತಾಸಿಗೂ ಬೇಸಿಗೆ ರಜೆಯ ಬೈಬಲ್ ಶಿಬಿರಕ್ಕೂ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. ಸಂಬಳವಿಲ್ಲದೆ ದುಡಿಯುವ ಸಂಡೇ ಸ್ಕೂಲ್ ಶಿಕ್ಷಕರ ಋಣ ದೊಡ್ಡದು. ಆದರೆ ಮನೆಯಲ್ಲಿ ವಾರವಿಡೀ ಯಾರೂ ತೆರೆಯದ ಪುಸ್ತಕವನ್ನು ಆ ಒಂದು ತಾಸಿನಲ್ಲಿ ಪ್ರೀತಿಸಲು ಕಲಿಸುವುದು ಅವರಿಂದಲೂ ಆಗದ ಕೆಲಸ.

ಅದೇ ಅಧ್ಯಾಯ ಇನ್ನೊಂದು ಮಾತು ಹೇಳುತ್ತದೆ. ಮುಂದೆ ಮಗನು ಈ ಆಜ್ಞೆಗಳೆಲ್ಲ ಏನು, ಏಕೆ ಎಂದು ಕೇಳಿದಾಗ ತಂದೆ ಉತ್ತರ ಕೊಡಬೇಕು. ಆ ಉತ್ತರ ನಿಯಮಗಳ ವಿವರಣೆಯಾಗಿಲ್ಲ. ಐಗುಪ್ತದಲ್ಲಿ ದಾಸರಾಗಿದ್ದ ನಮ್ಮನ್ನು ದೇವರು ಬಿಡಿಸಿ ತಂದ ಎಂಬ ಕಥೆಯಾಗಿದೆ. ಯೆಹೋಶುವನೂ ಯೊರ್ದನ್ ಹೊಳೆಯಿಂದ ಹನ್ನೆರಡು ಕಲ್ಲುಗಳನ್ನು ತೆಗೆಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ್ದು ಮುಂದಿನ ಮಕ್ಕಳು ಇವು ಏನೆಂದು ಕೇಳಲಿ ಎಂದೇ. ಯೆಹೂದ್ಯರು ಪಸ್ಕದ ರಾತ್ರಿಯ ಊಟದಲ್ಲಿ ಇಂದಿಗೂ ಮನೆಯ ಕಿರಿಯ ಮಗುವಿನಿಂದ ಪ್ರಶ್ನೆ ಕೇಳಿಸುತ್ತಾರೆ. ಮಗು ಪ್ರಶ್ನೆ ಕೇಳದೆ ಬಿಡುಗಡೆಯ ಕಥೆ ಆರಂಭವಾಗುವುದಿಲ್ಲ. ಪ್ರಶ್ನೆ ಅಲ್ಲಿ ಆಚರಣೆಯ ಒಂದು ಅಂಗ. ನಮ್ಮಲ್ಲಿ ಹದಿಹರೆಯದ ಹುಡುಗಿಯೊಬ್ಬಳು ದುಃಖ ಏಕೆ, ಪ್ರಾರ್ಥನೆಗೆ ಉತ್ತರ ಏಕಿಲ್ಲ, ಬೇರೆ ಧರ್ಮದ ನನ್ನ ಗೆಳತಿಯ ಗತಿಯೇನು ಎಂದು ಕೇಳಿದರೆ ಅವಿಶ್ವಾಸ ಮೊಳೆಯಿತೆಂದು ಗಾಬರಿಯಾಗುತ್ತೇವೆ. ಅವಳು ಮೂರು ಸಲ ಎದ್ದು ನಮ್ಮ ಬಳಿ ಓಡಿ ಬಂದ ಸಮುವೇಲನಾಗಿರಬಹುದು ಎಂದು ನಮಗೆ ಹೊಳೆಯುವುದಿಲ್ಲ.

3. ಗುರುಗಳಿಲ್ಲದ ಹದಿನೈದು ವರ್ಷ

ವಿಶ್ವಾಸವನ್ನು ಮೊದಲು ಕಲಿಸುವುದು ಮನೆ ಎಂಬ ಮಾತಿಗೆ ದೂರದ ಸಾಕ್ಷಿಗಳೇ ಬೇಕಿಲ್ಲ. ನಮ್ಮ ಕರಾವಳಿಯ ಚರಿತ್ರೆಯಲ್ಲೇ ಇವೆ.

1784ರಲ್ಲಿ ಕೆನರಾದ ಕೊಂಕಣಿ ಕಥೋಲಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಆ ಹದಿನೈದು ವರ್ಷ ಅವರಿಗೆ ಊರಿನ ಇಗರ್ಜಿ ಇರಲಿಲ್ಲ, ಗುರುಗಳ ನಿತ್ಯದ ಆಸರೆ ಇರಲಿಲ್ಲ. ಅಲ್ಲಿ ಹುಟ್ಟಿದ ಮಕ್ಕಳಿಗೆ ವಿಶ್ವಾಸ ತಲುಪಿದ್ದು ಅಮ್ಮ, ಅಜ್ಜಿಯರ ಬಾಯಿಯಿಂದ, ಕಂಠಪಾಠವಾಗಿದ್ದ ಪ್ರಾರ್ಥನೆಗಳಿಂದ. ಬಿಡುಗಡೆಯಾಗಿ ಮರಳಿದವರು ಮತ್ತೆ ಇಗರ್ಜಿಗಳನ್ನು ಕಟ್ಟಿದರು.

ಆ ದಿನಗಳಲ್ಲಿ ಸೆರೆಯಲ್ಲಿದ್ದವರಿಗೆ ಧೈರ್ಯ ಕೊಟ್ಟದ್ದು ಕ್ರಿಸ್ತಪುರಾಣ ಎಂಬುದು ಆ ಸಮುದಾಯದ ನೆನಪು. ಆ ಗ್ರಂಥದ ಕಥೆಯೇ ಒಂದು ಪಾಠ. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸ್ವಿತ್ ಗುರು ಥಾಮಸ್ ಸ್ಟೀಫನ್ಸ್ ಸುಮಾರು 11,000 ಓವಿಗಳಲ್ಲಿ, ಮರಾಠಿಯಲ್ಲಿ ಕೊಂಕಣಿಯ ಬೆರಕೆಯೊಂದಿಗೆ ಅದನ್ನು ರಚಿಸಿದರು. ಹಳೆಯ ಪುರಾಣಗಳನ್ನು ಬಿಟ್ಟುಬಂದ ಹೊಸ ಕ್ರೈಸ್ತರು ತಮಗೆ ಓದಲು, ಹಾಡಲು ಏನೂ ಇಲ್ಲವೆಂದು ಕೊರಗಿದ್ದು ಅವರ ಕಿವಿಗೆ ಬಿದ್ದಿತ್ತು. ಉಪದೇಶಕ್ಕೆ ಬಂದವರು ಮೊದಲು ಜನರ ಮಾತನ್ನು ಆಲಿಸಿದರು. ಕಾವ್ಯ ಹುಟ್ಟಿದ್ದು ಆಮೇಲೆ. 1616ರಲ್ಲಿ ಮೊದಲು, ಮುಂದೆ ಇನ್ನೂ ಎರಡು ಬಾರಿ ಅದು ಅಚ್ಚಾಯಿತು. ಆ ಅಚ್ಚಿನ ಪ್ರತಿಗಳು ಇಂದು ದೊರೆಯುವುದಿಲ್ಲ. ಕೈಬರಹದ ಪ್ರತಿಗಳು ಮಾತ್ರ ಉಳಿದವು. ಅವುಗಳನ್ನು ಆಧರಿಸಿ ಜೋಸೆಫ್ ಸಲ್ಡಾನಾ 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಪ್ರಕಟಿಸಿದರು. ಅಚ್ಚುಕೂಟ ಕಳೆದುಕೊಂಡದ್ದನ್ನು ಮನೆಗಳು ಕಾದಿಟ್ಟವು.

ಇಂದಿಗೂ ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳು ಹಿರಿಯರೆದುರು ಕೈಮುಗಿದು ಬೆಸಾಂವ್ (ಆಶೀರ್ವಾದ) ಬೇಡುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು, ಒಂಬತ್ತು ದಿನ ಮರಿಯಮ್ಮನಿಗೆ ಹೂ ಅರ್ಪಿಸಿದ ಮಕ್ಕಳು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತರುತ್ತಾರೆ. ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುವ ರೂಢಿ ಬಹಳ ಕಾಲ ನಡೆಯಿತು. ಪ್ರಾಟೆಸ್ಟಂಟ್ ಸಭೆಗಳಲ್ಲಿ ಬೆಳೆದ ನಾವು ಇಲ್ಲಿಂದ ಕಲಿಯುವುದು ಬಹಳವಿದೆ. ದೇವರು ಕೊಟ್ಟನೆಂಬ ಮಾತು ಈ ಮನೆಗಳಲ್ಲಿ ಮಗುವಿನ ನಾಲಗೆಗೆ ರುಚಿಯಾಗಿಯೇ ತಲುಪುತ್ತದೆ. ಇದೇಕೆ ಹೀಗೆ ಎಂದು ಮಗು ಕೇಳಲು ಅಲ್ಲಿ ಅವಕಾಶವಿದೆ.

4. ಕೇಳಿ ಬಂದವರು, ಹುಟ್ಟಿ ಬಂದವರು

ಇನ್ನು ನಮ್ಮ ಪ್ರಾಟೆಸ್ಟಂಟ್ ಸಭೆಗಳಿಗೆ ಬಂದರೆ, ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕೆಲಸದಿಂದ ಹುಟ್ಟಿದ ಸಭೆಗಳ ಮೊದಲ ತಲೆಮಾರಿಗೆ ವಿಶ್ವಾಸದಲ್ಲಿ ಅಜ್ಜ ಅಜ್ಜಿಯರಿರಲಿಲ್ಲ. ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯರು ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿಯಾಗಿದ್ದು 1844ರಲ್ಲಿ ದೀಕ್ಷಾಸ್ನಾನ ಪಡೆದರು. ಬಾಸೆಲ್‌ನಲ್ಲಿ ದೇವಶಾಸ್ತ್ರ ಓದಿ 1851ರಲ್ಲಿ ಮಿಷನರಿಯಾಗಿ ಮರಳಿದರು. ಅವರಂಥವರಿಗೆ ವಿಶ್ವಾಸವೆಂದರೆ ತಾವೇ ಕೇಳಿದ ಕರೆ. ಅದಕ್ಕೆ ಅವರು ತೆತ್ತ ಬೆಲೆಯೂ ಅವರಿಗೆ ಗೊತ್ತಿತ್ತು.

ಎರಡನೆಯ, ಮೂರನೆಯ ತಲೆಮಾರಿನ ಸ್ಥಿತಿ ಬೇರೆ. ಜಾತಿ ಮತ್ತು ಕಸುಬನ್ನು ಕಳೆದುಕೊಂಡು ಬಂದವರ ಜೀವನೋಪಾಯಕ್ಕೆಂದು ಮಿಷನ್ ನೇಯ್ಗೆ ಕಾರ್ಖಾನೆ ತೆರೆಯಿತು. 1865ರಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಶಾಲೆ, ಅಚ್ಚುಕೂಟ, ಕೆಲಸ, ಆರಾಧನೆ ಎಲ್ಲವೂ ಒಂದೇ ಆವರಣದಲ್ಲಿ ದೊರೆತವು. ಆ ಆಸರೆ ದೊಡ್ಡ ಉಪಕಾರ. ಆದರೆ ವಿಶ್ವಾಸ ಸಂಬಳದ ಜೊತೆಗೇ ಬರುವ ಕಡೆ, ಯಾವುದು ದೇವರ ಕರೆ, ಯಾವುದು ಕಾರ್ಖಾನೆಯ ಗಂಟೆ ಎಂದು ಹೇಳುವುದು ಕಷ್ಟವಾಗುತ್ತದೆ. ಮೊದಲ ಮಹಾಯುದ್ಧ ಆ ಪರೀಕ್ಷೆಯನ್ನು ತಂದಿತು. ಜರ್ಮನ್ ಮಿಷನರಿಗಳು ಹೊರಡಬೇಕಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಆದರೂ ಸಭೆಗಳು ಕುಸಿಯದೆ ನಿಂತವು. ದಕ್ಷಿಣ ಕನ್ನಡದ ಆ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯನ್ನು ಸೇರಿದವು. ಮನೆಮನೆಯಲ್ಲಿ ಕುಟುಂಬ ಪ್ರಾರ್ಥನೆ ಇಲ್ಲದಿದ್ದರೆ, ವೇದಪುಸ್ತಕವನ್ನು ಕನ್ನಡದಲ್ಲಿ ಓದಬಲ್ಲ ತಾಯಂದಿರು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಈ ಪರಂಪರೆಯಲ್ಲಿ ಇನ್ನಿಬ್ಬರನ್ನು ನೆನೆಯಬೇಕು. 1894ರ ನಿಘಂಟಿನಿಂದ ಕನ್ನಡಿಗರೆಲ್ಲರಿಗೂ ಪರಿಚಿತರಾದ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲೇ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು; ಈ ನೆಲದ ಕಿವಿಗೆ ಒಗ್ಗುವ ಲಯದಲ್ಲಿ ಸುವಾರ್ತೆ ಕೇಳಿಸಬೇಕೆಂಬ ಹಂಬಲ ಅವರದು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಹುಡುಕಿ, ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಗೆ ಕನ್ನಡ ನಾಡು ಅವರನ್ನು ಆರಿಸಿತು. ದೇವರನ್ನು ಆಲಿಸುವವರು ನೆರೆಯವರ ಮಾತಿಗೆ ಕಿವುಡಾಗಬೇಕಿಲ್ಲ ಎಂಬುದಕ್ಕೆ ಉತ್ತಂಗಿಯವರ ಬದುಕು ಪ್ರಮಾಣ. ನಮ್ಮ ಮಕ್ಕಳಿಗೆ ಅವರ ಹೆಸರು ತಿಳಿಯದಿದ್ದರೆ ಅದು ನಮ್ಮ ಸಂಡೇ ಸ್ಕೂಲ್ ಪಾಠಗಳ ಕೊರತೆ.

5. ಇಂದಿನ ಮನೆ

ಇಂದಿನ ಮೂರು ತೊಡಕುಗಳನ್ನು ನೇರವಾಗಿ ಹೇಳುತ್ತೇನೆ.

ಮೊದಲನೆಯದು, ದೇವರ ಮಾತನ್ನು ವಾಗ್ದಾನಕ್ಕೆ ಇಳಿಸಿರುವುದು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಪಡೆದ ವಾಗ್ದಾನ ವಾಕ್ಯ ವರ್ಷವಿಡೀ ಫ್ರಿಜ್ಜಿನ ಬಾಗಿಲ ಮೇಲೆ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಭಿವೃದ್ಧಿಯ ಮಾತನ್ನಷ್ಟೇ ದೇವರ ದನಿಯೆಂದು ಕೇಳಿ ಬೆಳೆದ ಮಗುವಿಗೆ, ತಿದ್ದುವ ದನಿ ಬಂದಾಗ ಅದೂ ದೇವರದೆಂದು ತಿಳಿಯುವುದು ಹೇಗೆ?

ಎರಡನೆಯದು, ದೇವರು ನನಗೆ ಹೇಳಿದನು ಎಂಬ ಮಾತಿನ ದುರುಪಯೋಗ. ಇಂಥವರನ್ನೇ ಮದುವೆಯಾಗು, ಈ ಓದು ಬಿಡು, ಇಷ್ಟು ಹಣ ಕೊಡು ಎಂದು ಯಾರಾದರೂ ಎಳೆಯರಿಗೆ ದೇವರ ಹೆಸರಿನಲ್ಲಿ ಅಪ್ಪಣೆ ಮಾಡಿದರೆ ಅದನ್ನು ಪರೀಕ್ಷಿಸುವ ಹಕ್ಕು ಅವರಿಗಿದೆ ಎಂದು ಕಲಿಸಬೇಕು. ಆ ಮಾತು ವೇದಪುಸ್ತಕದ ಒಟ್ಟು ಸಾಕ್ಷಿಗೆ ಒಪ್ಪುತ್ತದೆಯೇ, ಕ್ರಿಸ್ತನ ಗುಣಕ್ಕೆ ಹೊಂದುತ್ತದೆಯೇ, ಪ್ರಜ್ಞಾವಂತರಾದ ಇತರ ವಿಶ್ವಾಸಿಗಳ ಎದುರು ಹೇಳಬಹುದಾದದ್ದೇ, ಅದರ ಫಲ ಪ್ರೀತಿಯೋ ಭಯವೋ ಎಂಬ ಪ್ರಶ್ನೆಗಳು ಆ ಪರೀಕ್ಷೆಗೆ ಬೇಕು. ಹೋರೇಬಿನಲ್ಲಿ ಎಲೀಯನಿಗೆ ಬಿರುಗಾಳಿ, ಭೂಕಂಪ, ಬೆಂಕಿಗಳಲ್ಲಿ ದೇವರು ಸಿಗಲಿಲ್ಲ. ಆಮೇಲೆ ಬಂದ ಮೆಲುದನಿಯನ್ನು ಅವನು ಗುರುತಿಸಿದ. ಗದ್ದಲ ಹೆಚ್ಚಿದಷ್ಟೂ ದೇವರು ಹತ್ತಿರವೆಂಬ ಭ್ರಮೆ ನಮ್ಮ ಮಕ್ಕಳಿಗೆ ಬರಬಾರದು.

ಮೂರನೆಯದು, ಭಾಷೆಯ ಅಂತರ. ಬೆಂಗಳೂರಿನ ಎಷ್ಟೋ ಕುಟುಂಬಗಳಲ್ಲಿ ಅಜ್ಜಿ ಕನ್ನಡ ಆರಾಧನೆಗೆ ಹೋಗುತ್ತಾರೆ, ಮೊಮ್ಮಗ ಇಂಗ್ಲಿಷ್ ಆರಾಧನೆಗೆ. ಅಜ್ಜಿಯ ಪ್ರಾರ್ಥನೆ ಅವನಿಗೆ ಅರ್ಥವಾಗದು. ಅವನ ಪ್ರಶ್ನೆ ಅಜ್ಜಿಗೆ ತಲುಪದು. ದೇವರು ಯಾವ ಭಾಷೆಯಲ್ಲಾದರೂ ಮಾತನಾಡುವನು ಎಂಬುದು ಪಂಚಾಶತ್ತಮ ದಿನದ ಸಾಕ್ಷಿ. ಇಲ್ಲಿ ಕಡಿದು ಹೋಗುವುದು ಎರಡು ತಲೆಮಾರುಗಳ ಮಾತುಕತೆ. ಮೊಮ್ಮಗನಿಗೆ ಕನ್ನಡ ಓದಲು ಕಲಿಸುವುದೂ ಸಭೆಯ ಸೇವೆಯೇ. ಅಜ್ಜಿಯ ಸಾಕ್ಷಿಯನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವುದೂ ಸೇವೆಯೇ.

ತೊಡಕುಗಳ ನಡುವೆ ಧೈರ್ಯಕ್ಕೂ ಕಾರಣವಿದೆ. ತಿಮೊಥೆಯನ ತಂದೆ ಗ್ರೀಕನು. ಎಲ್ಲರೂ ಒಂದೇ ವಿಶ್ವಾಸದಲ್ಲಿದ್ದ ಮನೆ ಅದಲ್ಲ. ಆದರೂ ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ನೆಲೆಸಿದ್ದ ನಿಷ್ಕಪಟವಾದ ವಿಶ್ವಾಸವನ್ನು ಪೌಲನು ಹೆಸರು ಹಿಡಿದು ಸ್ಮರಿಸುತ್ತಾನೆ. ಆ ಇಬ್ಬರು ಹೆಂಗಸರು ಪ್ರಸಂಗ ಮಾಡಿದ ದಾಖಲೆ ಇಲ್ಲ. ಮಗು ಎಳವೆಯಿಂದಲೇ ಶಾಸ್ತ್ರವನ್ನು ತಿಳಿದಿತ್ತು ಎಂಬುದು ಮಾತ್ರ ದಾಖಲಾಗಿದೆ. ಅಂತರಧರ್ಮೀಯ ಮದುವೆಯ ಮನೆಗಳಲ್ಲಿ, ಗಂಡ ಊರಲ್ಲಿಲ್ಲದ ಮನೆಗಳಲ್ಲಿ ಒಬ್ಬಂಟಿಯಾಗಿ ಮಕ್ಕಳೊಂದಿಗೆ ಪ್ರಾರ್ಥಿಸುವ ತಾಯಂದಿರೇ, ನೀವು ಅವರ ಸಾಲಿನವರು.

6. ಕೋರಿಕೆ

ಕೊನೆಯದಾಗಿ ಈ ಸಭೆಯ ಮುಂದೆ ಕೆಲವು ಕೋರಿಕೆಗಳನ್ನು ಇಡುತ್ತೇನೆ. ಪ್ರತಿ ಮನೆಯಲ್ಲೂ ದಿನಕ್ಕೆ ಸ್ವಲ್ಪ ಹೊತ್ತು ಫೋನು, ಟಿ.ವಿ. ಆರಿಸಿ ಒಂದು ವೇದಭಾಗವನ್ನು ನಿಧಾನವಾಗಿ ಓದಿ, ಓದಿದ ಮೇಲೆ ಸುಮ್ಮನೆ ಕುಳಿತಿರಿ. ಕೂಡಲೇ ವಿವರಿಸಲು ಹೋಗಬೇಡಿ. ನಿನಗೆ ಏನು ಕೇಳಿಸಿತು ಎಂದು ಮಗುವನ್ನು ಕೇಳಿ, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ದೇವರು ನಿಮ್ಮನ್ನು ಎಲ್ಲಿ ಬಿಡಿಸಿದನು, ಎಲ್ಲಿ ತಿದ್ದಿದನು ಎಂಬ ನಿಮ್ಮ ಮನೆತನದ ಕಥೆಯನ್ನು ಅವರಿಗೆ ಹೇಳಿ. ಸಭಾ ಸಮಿತಿಗಳು ವರ್ಷಕ್ಕೊಮ್ಮೆಯಾದರೂ ಯುವಜನರನ್ನು ಕೂರಿಸಿ, ಈ ಸಭೆಯಲ್ಲಿ ತಪ್ಪು ಏನು ನಡೆಯುತ್ತಿದೆ ಎಂದು ಕೇಳಲಿ. ಹಣದ ಲೆಕ್ಕ, ಜಾತಿಯ ಭೇದ, ಚುನಾವಣೆಯ ಜಗಳ ಯಾವುದನ್ನು ಅವರು ಹೇಳಿದರೂ ಏಲಿಯಂತೆ ಕೇಳಲಿ. ಹೊಫ್ನಿ, ಫೀನೆಹಾಸರ ನಡತೆಯನ್ನು ಮುಚ್ಚಿಟ್ಟ ಆಲಯದಲ್ಲಿ ಸಮುವೇಲರು ಬಹಳ ದಿನ ಉಳಿಯುವುದಿಲ್ಲ.

ನಮ್ಮ ಮಕ್ಕಳನ್ನು ಕರೆಯುವ ಕೆಲಸ ದೇವರದು. ಅದನ್ನು ಆತನು ನಿಲ್ಲಿಸಿಲ್ಲ. ಅವರು ಎದ್ದು ನಮ್ಮ ಬಳಿ ಬಂದಾಗ ಗದರಿಸದೆ, ತಪ್ಪಿಸಿಕೊಳ್ಳದೆ, ಓಗೊಡುವುದನ್ನು ಹೇಳಿಕೊಡೋಣ. ಬೆಳಗಾದ ಮೇಲೆ ಅವರು ಏನು ಹೇಳಿದರೂ ಅದನ್ನು ಕೇಳುವ ಧೈರ್ಯವನ್ನು ದೇವರು ನಮಗೆ ಅನುಗ್ರಹಿಸಲಿ.